ಹಾಡು ನಿಮ್ಮದೋ, ಅಂಗಡಿಯವರದೋ?



ನಮ್ಮ ಹೆಂಗಸರಿಗೆ 'ಸ್ವಂತದ್ದು' ಅನ್ನುವ ಮಾತಿನ ತೂಕ ಚೆನ್ನಾಗಿ ಗೊತ್ತು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವ ಮುಂಚೆ ಎರಡು ಸಲ ಯೋಚಿಸುತ್ತೇವೆ. ಸ್ಟೀಲ್ ಪಾತ್ರೆ ಕೊಂಡ ದಿನವೇ ಅಂಗಡಿಯಲ್ಲಿ ಹೆಸರು ಕೆತ್ತಿಸಿಕೊಂಡು ಬರುತ್ತೇವೆ. ಮದುವೆಮನೆಗೆ ಹೋದ ಪಾತ್ರೆ ಯಾರ ಮನೆ ಸೇರಿದರೂ ಹೆಸರು ನೋಡಿ ವಾಪಸು ಕೊಡಲಿ ಅಂತ. ತವರಿನ ಸರ ಯಾವುದು, ಪಕ್ಕದ ಮನೆಯಿಂದ ಕೈಗಡ ತಂದ ಸಕ್ಕರೆ ಎಷ್ಟು ಲೋಟ, ಈ ಲೆಕ್ಕ ನಮ್ಮಲ್ಲಿ ತಪ್ಪುವುದೇ ಇಲ್ಲ.

ಆದರೆ ಒಂದು ಪ್ರಶ್ನೆ ಕೇಳ್ತೀನಿ, ಥಟ್ಟನೆ ಉತ್ತರ ಹೇಳಿ ನೋಡೋಣ. ಬೆಳಿಗ್ಗೆ ಒಗ್ಗರಣೆ ಹಾಕುವಾಗ ಕಿಟಕಿಯ ಕಟ್ಟೆಯ ಮೇಲಿಟ್ಟ ಫೋನಿನಿಂದ ಬರುವ ದೇವರನಾಮ, ಮಧ್ಯಾಹ್ನ ಹಪ್ಪಳ ಒತ್ತುವಾಗ ಕೇಳುವ ಹಳೆಯ ಸಿನಿಮಾ ಹಾಡು, ಇವು ನಿಮ್ಮವೋ, ಬೇರೆಯವರವೋ? "ನನ್ನ ಫೋನಿನಲ್ಲಿದೆ, ನನ್ನದೇ" ಅಂತೀರಿ. ದುಡ್ಡು ಕಟ್ಟಿದವರಂತೂ ಇನ್ನೂ ಗಟ್ಟಿಯಾಗಿ ಹೇಳ್ತೀರಿ.

ಅಲ್ಲೇ ಇರುವುದು ತೊಡಕು. ಫೋನಿನಲ್ಲಿರುವ ಹಾಡುಗಳಲ್ಲಿ ಮೂರು ಜಾತಿ. ಒಂದು, ನಿಜವಾಗಿ ನಮ್ಮ ಕೈಸೇರಿದ್ದು. ಎರಡು, ಬೀಗ ಹಾಕಿ ಕೊಟ್ಟದ್ದು. ಮೂರು, ತಿಂಗಳ ಬಾಡಿಗೆಯದ್ದು. ಕೇಳುವಾಗ ಮೂರೂ ಒಂದೇ ಥರ. ಫೋನು ಕೆಟ್ಟಾಗ, ದುಡ್ಡು ಕಟ್ಟುವುದು ತಪ್ಪಿದಾಗ, ಅಂಗಡಿ ಮುಚ್ಚಿದಾಗ ಮಾತ್ರ ಯಾವುದು ಯಾವ ಜಾತಿ ಅಂತ ತಿಳಿಯುವುದು. ಹಾಗೆ ಪೆಟ್ಟು ತಿಂದು ತಿಳಿಯುವ ಬದಲು ಮುಂಚೆಯೇ ತಿಳಿದಿರಲಿ ಅಂತ ಈ ಸಲ ಇದನ್ನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಆದರೂ ಅಕ್ಕಿ ಆರಿಸಿದ ಹಾಗೆ ಒಂದೊಂದಾಗಿ ನೋಡಿದರೆ ಇದೇನೂ ನಮಗೆ ಎಟುಕದ ವಿಷಯವಲ್ಲ.

ಕ್ಯಾಸೆಟ್ಟಿನ ಕಾಲ

ಕ್ಯಾಸೆಟ್ಟಿನಿಂದಲೇ ಶುರು ಮಾಡೋಣ. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ನಮ್ಮ ಕನ್ನಡದಲ್ಲಿ ನಿಸಾರ್ ಅಹಮದ್ ಅವರ ಭಾವಗೀತೆಗಳ 'ನಿತ್ಯೋತ್ಸವ' ಕ್ಯಾಸೆಟ್ಟು 1978ರಲ್ಲಿ ಬಂತು. ಸಂಗೀತ ಮೈಸೂರು ಅನಂತಸ್ವಾಮಿಯವರದು. ನಾನು ಲಂಗ ಉಟ್ಟು ಶಾಲೆಗೆ ಹೋಗುವ ಹೊತ್ತಿಗೆ ಬಸ್ ಸ್ಟ್ಯಾಂಡಿನ ಎದುರು ಒಂದಾದರೂ ಕ್ಯಾಸೆಟ್ ಅಂಗಡಿ ಇಲ್ಲದ ಊರೇ ಇರಲಿಲ್ಲ.

ಆ ಕ್ಯಾಸೆಟ್ಟನ್ನು ನಾವು ಏನೇನು ಮಾಡಬಹುದಿತ್ತು ನೆನಪಿಸಿಕೊಳ್ಳಿ. ಪಕ್ಕದ ಮನೆಯವರಿಗೆ ಎರಡು ದಿನ ಕೊಡಬಹುದಿತ್ತು. ಬೇಡವಾದರೆ ಮಾರಬಹುದಿತ್ತು. ಮಗಳು ಗಂಡನ ಮನೆಗೆ ಹೊರಟಾಗ ಟೇಪ್‌ರೆಕಾರ್ಡರ್ ಸಮೇತ ಕಳಿಸಬಹುದಿತ್ತು. ಟೇಪು ಸಿಕ್ಕು ಬಿದ್ದರೆ ಪೆನ್ಸಿಲ್ ತೂರಿಸಿ ಸುತ್ತಿದರೆ ಆಯಿತು. ಮಾರಿದ ಅಂಗಡಿಯವನು ಆಮೇಲೆ ಅಂಗಡಿ ಮುಚ್ಚಿ ಬೇರೆ ಊರಿಗೆ ಹೋದರೂ ನಮ್ಮ ಕ್ಯಾಸೆಟ್ಟು ಹಾಡುವುದನ್ನು ನಿಲ್ಲಿಸುತ್ತಿರಲಿಲ್ಲ.

ಇಲ್ಲೊಂದು ಮಾತು. ಕ್ಯಾಸೆಟ್ಟು ಕೊಂಡರೂ ಹಾಡಿನ ಹಕ್ಕು ನಮ್ಮದಾಗುತ್ತಿರಲಿಲ್ಲ. ಅದು ಬರೆದವರದ್ದು, ರಾಗ ಹಾಕಿದವರದ್ದು, ಮುದ್ರಿಸಿದ ಕಂಪನಿಯದ್ದು. ಪುಸ್ತಕ ಕೊಂಡ ಹಾಗೆ. ಓದಬಹುದು, ಯಾರಿಗಾದರೂ ಕೊಡಬಹುದು, ಅಚ್ಚು ಹಾಕಿಸಿ ಮಾರುವ ಹಾಗಿಲ್ಲ. ಅದು ನ್ಯಾಯವೇ. ಆದರೆ ಕೈಯಲ್ಲಿದ್ದ ಆ ಡಬ್ಬಿ ಮಾತ್ರ ಪೂರ್ತಿ ನಮ್ಮದಾಗಿತ್ತು.

1982ರಲ್ಲಿ ಸಿ.ಡಿ. ಬಂತು. ಹಾಡು ಅಂಕಿಗಳಾಗಿ ಡಿಸ್ಕಿನ ಮೇಲೆ ಕೂತಿತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿದರೆ, ಮಜ್ಜಿಗೆಗೆ ಮತ್ತೆ ಮತ್ತೆ ನೀರು ಬೆರೆಸಿದ ಹಾಗೆ ಪ್ರತಿ ಸಲವೂ ದನಿ ತೆಳ್ಳಗಾಗುತ್ತಿತ್ತು. ಅಂಕಿಗಳನ್ನು ಕಂಪ್ಯೂಟರಿನಲ್ಲಿ ನಕಲು ಮಾಡಿದರೆ ಹಾಗಲ್ಲ. ನೂರನೆಯ ನಕಲೂ ಮೊದಲನೆಯದರಷ್ಟೇ ಚೊಕ್ಕ. ಆಮೇಲೆ ಎಂಪಿ3 ಎಂಬ ಪುಟ್ಟ ಫೈಲು ಬಂತು, ಇಂಟರ್‌ನೆಟ್ ಬಂತು. ಒಬ್ಬರು ಕೊಂಡ ಹಾಡು ಸಾವಿರಾರು ಮನೆಗೆ ಬಿಟ್ಟಿಯಾಗಿ ಹೋಗತೊಡಗಿತು. ಕಂಪನಿಗಳ ಹೊಟ್ಟೆಯ ಮೇಲೆ ಹೊಡೆದ ಹಾಗಾಯಿತು. ಆಗ ಅವರು ಹುಡುಕಿದ ಉಪಾಯವೇ ಬೀಗ.

ಎರಡು ಕೀಲಿಯ ಲಾಕರು

ಈ ಬೀಗವನ್ನು ತಿಳಿಯಲು ಬ್ಯಾಂಕಿನ ಲಾಕರನ್ನು ನೆನಪಿಸಿಕೊಳ್ಳಿ. ನಮ್ಮ ಒಡವೆಯೇ ಇರಬಹುದು, ನಮ್ಮ ಕೀಲಿಯೂ ಕೈಯಲ್ಲಿರಬಹುದು. ಆದರೆ ಬ್ಯಾಂಕಿನವರ ಕೀಲಿ ಜೊತೆಗೆ ತಿರುಗದೆ ಲಾಕರು ತೆರೆಯುವುದಿಲ್ಲ. ಬೀಗ ಹಾಕಿದ ಹಾಡೂ ಹಾಗೇ. ಫೈಲು ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಆದರೆ ಅಂಗಡಿಯ ಕಂಪ್ಯೂಟರು "ಹೌದು, ಇವರು ಕೇಳಬಹುದು" ಎಂದು ಒಪ್ಪಿಗೆ ಕೊಟ್ಟರೆ ಮಾತ್ರ ಅದು ಹಾಡುತ್ತದೆ.

ಅಮೆರಿಕದಲ್ಲಿ ಆಪಲ್ ಕಂಪನಿ 2003ರ ಏಪ್ರಿಲ್‌ನಲ್ಲಿ ಐಟ್ಯೂನ್ಸ್ ಎಂಬ ಹಾಡಿನ ಅಂಗಡಿ ತೆರೆಯಿತು. ಒಂದು ಹಾಡಿಗೆ 99 ಸೆಂಟು. ಅದರ ಬೀಗದ ಹೆಸರು ಫೇರ್‌ಪ್ಲೇ. ಕೊಂಡ ಹಾಡನ್ನು ಮೊದಲು ಮೂರು ಕಂಪ್ಯೂಟರಿನಲ್ಲಿ, 2004ರಿಂದ ಐದರಲ್ಲಿ ಕೇಳಬಹುದು, ಅದಕ್ಕಿಂತ ಹೆಚ್ಚಿಗೆ ಇಲ್ಲ. ಜೇಬಿನಲ್ಲಿಟ್ಟು ಕೇಳಬೇಕೆಂದರೆ ಅದೇ ಕಂಪನಿಯ ಐಪಾಡ್ ಬೇಕು. ಬೇರೆ ಕಂಪನಿಯ ಯಂತ್ರದಲ್ಲಿ ಹಾಡದು. ಒಂದು ಕಂಪನಿಯ ಕುಕ್ಕರಿಗೆ ಇನ್ನೊಂದು ಕಂಪನಿಯ ಗ್ಯಾಸ್ಕೆಟ್ ಕೂರುವುದಿಲ್ಲವಲ್ಲ, ಹಾಗೆ. ವ್ಯತ್ಯಾಸವೇನೆಂದರೆ ಗ್ಯಾಸ್ಕೆಟ್ಟು ಅಳತೆ ಬೇರೆಯಾದ್ದರಿಂದ ಕೂರುವುದಿಲ್ಲ, ಹಾಡು ಬೇಕೆಂದೇ ಬೀಗ ಹಾಕಿದ್ದರಿಂದ ಕೂರುವುದಿಲ್ಲ.

ಬೀಗ ಹಾಕುವ ಭರದಲ್ಲಿ ಎಡವಿದವರೂ ಇದ್ದರು. ಸೋನಿ ಬಿ.ಎಂ.ಜಿ. ಕಂಪನಿಯ ಕೆಲವು ಸಿ.ಡಿ.ಗಳನ್ನು ಕಂಪ್ಯೂಟರಿಗೆ ಹಾಕಿದರೆ, ನಕಲು ತಡೆಯುವ ಒಂದು ಪ್ರೋಗ್ರಾಮು ಕದ್ದು ಒಳಗೆ ಸೇರಿ ಅಡಗಿ ಕೂರುತ್ತಿತ್ತು. 2005ರಲ್ಲಿ ಇದು ಬಯಲಾಯಿತು. ಆ ಪ್ರೋಗ್ರಾಮು ಮಾಡಿದ ಕಿಂಡಿಯಲ್ಲಿ ವೈರಸ್ಸುಗಳೂ ನುಗ್ಗಬಹುದಿತ್ತು. ಕಂಪನಿ ಲಕ್ಷಗಟ್ಟಲೆ ಡಿಸ್ಕು ವಾಪಸು ಕರೆಸಿಕೊಳ್ಳಬೇಕಾಯಿತು, ಕೋರ್ಟು ಹತ್ತಬೇಕಾಯಿತು. ಕದ್ದು ನಕಲು ಮಾಡುವವರಿಗೆ ಇದರಿಂದ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ದುಡ್ಡು ಕೊಟ್ಟು ಸಿ.ಡಿ. ಕೊಂಡವರಿಗೆ.

ಎರಡನೆಯ ಕೀಲಿಯವರು ಅಂಗಡಿ ಮುಚ್ಚಿದರೆ ಏನಾಗುತ್ತೆ ಅಂತ ಕೇಳ್ತೀರಾ? ಅದೂ ಆಯಿತು. ಮೈಕ್ರೋಸಾಫ್ಟ್ ಕಂಪನಿಯ ಎಂ.ಎಸ್.ಎನ್. ಮ್ಯೂಸಿಕ್ ಅಂಗಡಿ ಹಾಡು ಮಾರುವುದನ್ನು 2006ರಲ್ಲೇ ನಿಲ್ಲಿಸಿತ್ತು. 2008ರ ಏಪ್ರಿಲ್‌ನಲ್ಲಿ ಹಳೆಯ ಗಿರಾಕಿಗಳಿಗೆ ಪತ್ರ ಬಂತು. ಆಗಸ್ಟ್ 31ರ ನಂತರ ಒಪ್ಪಿಗೆ ಕೊಡುವ ಕಂಪ್ಯೂಟರನ್ನು ಆರಿಸುತ್ತೇವೆ, ಆ ಮೇಲೆ ನೀವು ಹೊಸ ಕಂಪ್ಯೂಟರು ಕೊಂಡರೆ ಅದರಲ್ಲಿ ಈ ಹಾಡುಗಳು ಹಾಡುವುದಿಲ್ಲ ಎಂಬುದು ಅದರ ಸಾರಾಂಶ. ದುಡ್ಡು ಕೊಟ್ಟು ಕೊಂಡ ಹಾಡುಗಳು! ಜನ ಗಲಾಟೆ ಮಾಡಿದ ಮೇಲೆ 2011ರ ಕೊನೆಯವರೆಗೆ ಗಡುವು ಮುಂದೆ ಹೋಯಿತು, ಅಷ್ಟೆ. ಅದೇ 2008ರ ಸೆಪ್ಟೆಂಬರ್‌ನಲ್ಲಿ ಯಾಹೂ ಕಂಪನಿಯ ಅಂಗಡಿಯೂ ಮುಚ್ಚಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ ಇರಬೇಕು.

ಕೊನೆಗೆ ಕಂಪನಿಗಳಿಗೂ ಬೀಗ ಸಾಕಾಯಿತು. ಆಪಲ್‌ನ ಸ್ಟೀವ್ ಜಾಬ್ಸ್ 2007ರ ಫೆಬ್ರವರಿಯಲ್ಲಿ ಒಂದು ಬಹಿರಂಗ ಪತ್ರ ಬರೆದರು. ಬೀಗವಿಲ್ಲದ ಸಿ.ಡಿ.ಗಳನ್ನು ದಿನಾ ಮಾರುತ್ತಾ, ಇಂಟರ್‌ನೆಟ್ಟಿನಲ್ಲಿ ಮಾರುವ ಹಾಡಿಗೆ ಮಾತ್ರ ಬೀಗ ಬೇಕು ಅನ್ನುವುದರಲ್ಲಿ ಏನು ಪ್ರಯೋಜನ ಎಂಬುದು ಅವರ ವಾದ. 2009ರ ಹೊತ್ತಿಗೆ ಐಟ್ಯೂನ್ಸ್ ಹಾಡುಗಳ ಬೀಗ ಹೋಯಿತು. ಆದರೆ ಮುಂಚೆ ಕೊಂಡವರು ಬೀಗ ತೆಗೆಸಿಕೊಳ್ಳಲು ಹಾಡೊಂದಕ್ಕೆ 30 ಸೆಂಟು ಮತ್ತೆ ಕೊಡಬೇಕಾಯಿತು.

ನಮ್ಮ ದೇಶದಲ್ಲೂ ಆಯಿತು

ಇದೆಲ್ಲ ಅಮೆರಿಕದ ಕಥೆ, ನಮಗೇನು ಅನ್ನಬೇಡಿ. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿ 2012ರಲ್ಲಿ 'ಫ್ಲೈಟ್' ಎಂಬ ಹೆಸರಿನಲ್ಲಿ ಹಾಡಿನ ಅಂಗಡಿ ತೆರೆದಿತ್ತು. ಬೀಗವಿಲ್ಲದ ಎಂಪಿ3 ಹಾಡುಗಳು, ಕೈಗೆಟುಕುವ ಬೆಲೆ. 2013ರ ಜೂನ್‌ನಲ್ಲಿ ಅದು ಮುಚ್ಚಿತು. ಕೊಂಡ ಹಾಡುಗಳನ್ನು ಇಳಿಸಿಕೊಳ್ಳಲು ಗಿರಾಕಿಗಳಿಗೆ ಆಗಸ್ಟ್‌ವರೆಗೆ ಸಮಯ ಕೊಟ್ಟರು. ಗೂಗಲ್ ಪ್ಲೇ ಮ್ಯೂಸಿಕ್ ಎಂಬುದೂ ಹೀಗೇ 2020ರ ಡಿಸೆಂಬರ್‌ನಲ್ಲಿ ನಿಂತಿತು. ಅಲ್ಲಿಟ್ಟ ಹಾಡುಗಳನ್ನು 2021ರ ಫೆಬ್ರವರಿ 24ರೊಳಗೆ ಇಳಿಸಿಕೊಳ್ಳಬೇಕಿತ್ತು, ಇಲ್ಲವೇ ಅದೇ ಕಂಪನಿಯ ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸಬೇಕಿತ್ತು. ಆಮೇಲೆ ಅಳಿಸಿಬಿಟ್ಟರು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಈ ಅಂಗಡಿಗಳಿಂದ ಬೀಗವಿಲ್ಲದ ಹಾಡು ಕೊಂಡು, ಕೂಡಲೇ ಇಳಿಸಿ, ತಮ್ಮ ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ ಇಟ್ಟುಕೊಂಡವರಿಗೆ ಅಂಗಡಿ ಮುಚ್ಚಿದ್ದರಿಂದ ಏನೂ ನಷ್ಟವಾಗಲಿಲ್ಲ. ಇವತ್ತಿಗೂ ಹಾಡುತ್ತಿವೆ. "ಅಲ್ಲೇ ಇರುತ್ತಲ್ಲ, ಬೇಕಾದಾಗ ಕೇಳಿದರಾಯ್ತು" ಅಂತ ಸುಮ್ಮನಿದ್ದು ಗಡುವು ಮೀರಿಸಿದವರ ಹಾಡು ಹೋಯಿತು. ಸಾಮಾನು ಕೊಂಡ ಮೇಲೆ ಅಂಗಡಿಯಲ್ಲೇ ಬಿಟ್ಟು ಬರುವವರುಂಟೇ? ಹಾಡಿನ ವಿಷಯದಲ್ಲಿ ಮಾತ್ರ ನಾವು ಹಾಗೆ ಮಾಡುತ್ತೇವೆ.

ಈಗಿನದು ಬಾಡಿಗೆ ಪದ್ಧತಿ

ಈಗ ಒಂದೊಂದೇ ಹಾಡು ಕೊಳ್ಳುವವರು ಕಡಿಮೆ. ತಿಂಗಳಿಗಿಷ್ಟು ಅಂತ ಕಟ್ಟಿದರೆ ಕೋಟಿಗಟ್ಟಲೆ ಹಾಡು ಕೇಳಿಸುವ ಆ್ಯಪ್‌ಗಳು ಬಂದಿವೆ. ಸ್ಪಾಟಿಫೈ ನಮ್ಮ ದೇಶಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್ ಇವೆ. ಏರ್‌ಟೆಲ್‌ನವರ ವಿಂಕ್ ಮ್ಯೂಸಿಕ್ 2014ರಲ್ಲಿ ಶುರುವಾಗಿ, ಎಷ್ಟೋ ಮನೆಗಳಲ್ಲಿ ಹತ್ತು ವರ್ಷ ಹಾಡಿ, 2024ರಲ್ಲಿ ಮುಚ್ಚಿತು.

ಇಲ್ಲಿ ನಾವು ಕೊಡುವುದು ಹಾಡಿನ ಬೆಲೆಯಲ್ಲ, ಬಾಡಿಗೆ. ಬಾಡಿಗೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮದುವೆಗೆ ಶಾಮಿಯಾನ ಬಾಡಿಗೆಗೆ ತರುತ್ತೇವೆ, ಅದನ್ನು ಸ್ವಂತಕ್ಕೆ ಕೊಳ್ಳುವುದು ದಂಡ. ಇವತ್ತು ಕೇಳಿ ನಾಳೆ ಮರೆಯುವ ಹೊಸ ಹಾಡುಗಳಿಗೆ ಬಾಡಿಗೆಯೇ ಸರಿ. ಗೊಂದಲ ಹುಟ್ಟುವುದು 'ಡೌನ್‌ಲೋಡ್' ಅನ್ನುವ ಗುಂಡಿಯಿಂದ. ಡೌನ್‌ಲೋಡ್ ಮಾಡಿಕೊಂಡರೆ ಹಾಡು ನಮ್ಮದಾಯಿತು ಅಂತ ನಮ್ಮ ಭಾವನೆ. ಹಾಗಲ್ಲ. ಅದೂ ಎರಡು ಕೀಲಿಯ ಲಾಕರೇ. ಸ್ಪಾಟಿಫೈನಲ್ಲಿ ಡೌನ್‌ಲೋಡ್ ಮಾಡಿದ ಹಾಡು ಉಳಿಯಬೇಕಾದರೆ 30 ದಿನಕ್ಕೊಮ್ಮೆಯಾದರೂ ನೆಟ್‌ಗೆ ಸೇರಿಸಬೇಕು. ಹಾಗೆ ಇಟ್ಟುಕೊಳ್ಳಲು ಐದು ಯಂತ್ರಗಳ ಮಿತಿಯೂ ಇದೆ. ಚಂದಾ ನಿಂತರೆ ಆ ಹಾಡುಗಳೂ ನಿಂತವು. ಕಂಪನಿ ಕಂಪನಿಗಳ ನಡುವೆ ಒಪ್ಪಂದ ಮುರಿದರೆ ನಾವು ಚಂದಾ ಕಟ್ಟುತ್ತಿದ್ದರೂ ಕೆಲವು ಹಾಡುಗಳು ಪಟ್ಟಿಯಲ್ಲಿ ಬೂದು ಬಣ್ಣಕ್ಕೆ ತಿರುಗಿ ಸುಮ್ಮನಾಗುತ್ತವೆ.

ನಮ್ಮ ಓರಗಿತ್ತಿಯ ಮನೆ ಗೃಹಪ್ರವೇಶದಲ್ಲಿ ಆದದ್ದು ಇದೇ. ಹೊಸ ಮನೆ ಇರುವ ಕಡೆ ಸಿಗ್ನಲ್ ಸರಿಯಾಗಿ ಸಿಗೋದಿಲ್ಲ. ಅದಕ್ಕೇ ಅವಳು ಮುಂಚಿತವಾಗಿ ನಾಗಸ್ವರ, ದೇವರನಾಮ, ಆರತಿ ಹಾಡು ಎಲ್ಲವನ್ನೂ ಚಂದಾ ಕಟ್ಟಿದ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿ, ಕ್ರಮವಾಗಿ ಪಟ್ಟಿ ಮಾಡಿ ಇಟ್ಟಿದ್ದಳು. ಕಾರ್ಡಿನಿಂದ ತಿಂಗಳ ದುಡ್ಡು ಹೋಗುವುದು ಆ ವಾರವೇ ಏನೋ ಕಾರಣಕ್ಕೆ ತಪ್ಪಿತ್ತು. ಹಾಲುಕ್ಕಿಸುವ ಹೊತ್ತಿಗೆ ಸರಿಯಾಗಿ ಫೋನು ಒತ್ತಿದರೆ ಒಂದು ಹಾಡೂ ಇಲ್ಲ. "ಅಕ್ಕಾ, ಎಲ್ಲ ಇಲ್ಲೇ ಕಾಣ್ತಿದೆ, ಒಂದೂ ಹಾಡ್ತಿಲ್ಲ" ಅಂತ ಅವಳ ಕಣ್ಣಲ್ಲಿ ನೀರು. ಕೊನೆಗೆ ನಮ್ಮತ್ತೆಯವರೇ ಸೆರಗು ಹೊದ್ದು ಮುಂದೆ ಬಂದು ಹಾಡು ಹೇಳಿದರು. ಉಳಿದ ಹಿರಿಯರು ದನಿ ಸೇರಿಸಿದರು. ಕಾರ್ಯ ಚೆನ್ನಾಗೇ ಆಯಿತು ಅನ್ನಿ.

ಒಂದೇ ಡಬ್ಬಿಯಲ್ಲಿ ಹಾಡು ತುಂಬಿ ಮಾರುವ ಪದ್ಧತಿಯೂ ಇದೆ. ಸರಿಗಮ ಕಂಪನಿ 2017ರಲ್ಲಿ ತಂದ 'ಕಾರವಾನ್' ಎಂಬ ರೇಡಿಯೋದಂಥ ಪೆಟ್ಟಿಗೆಯಲ್ಲಿ 5,000 ಹಾಡು ಮೊದಲೇ ತುಂಬಿತ್ತು. ಚಂದಾ ಬೇಡ, ನೆಟ್ ಬೇಡ, ವಯಸ್ಸಾದವರಿಗೆ ಸುಲಭ. ಪೆಟ್ಟಿಗೆ ನಮ್ಮದೇ. ಆದರೆ ಒಳಗಿನ ಹಾಡನ್ನು ತೆಗೆದು ಬೇರೆ ಕಡೆ ಇಟ್ಟುಕೊಳ್ಳಲಾಗದು. ಪೆಟ್ಟಿಗೆ ಇರುವವರೆಗೆ ಹಾಡು.

ಉಪ್ಪಿನಕಾಯಿಯ ಎರಡು ಜಾಡಿ

ಇನ್ನು 'ಸಿಂಕ್' ಅನ್ನುವ ಮಾತು. ಒಂದು ಯಂತ್ರದಲ್ಲಿರುವುದು ಇನ್ನೊಂದರಲ್ಲೂ ತಾನಾಗಿ ಬಂದು ಕೂರುವಂತೆ ಹೊಂದಿಸುವುದಕ್ಕೆ ಹಾಗೆನ್ನುತ್ತಾರೆ. ಫೋನಿನಲ್ಲಿ ಮಾಡಿದ ಹಾಡಿನ ಪಟ್ಟಿ ಮಗನ ಲ್ಯಾಪ್‌ಟಾಪಿನಲ್ಲೂ, ಟಿ.ವಿ.ಯಲ್ಲೂ ಕಾಣುವುದು ಇದರಿಂದಲೇ. ಅನುಕೂಲ ಬಹಳ. ಆದರೆ ಸಿಂಕ್ ಬೇರೆ, ಕಾಪಿಟ್ಟುಕೊಳ್ಳುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡು ಕಳೆದುಕೊಂಡವರೇ ಹೆಚ್ಚು.

ಸಿಂಕ್ ಎಂದರೆ ಕನ್ನಡಿ. ಕನ್ನಡಿಯ ಎದುರು ಕುಂಕುಮ ಇಟ್ಟರೆ ಅಲ್ಲೂ ಕುಂಕುಮ, ಒರೆಸಿದರೆ ಅಲ್ಲೂ ಹೋಯಿತು. ಫೋನಿನಲ್ಲಿ ಜಾಗ ಸಾಲದು ಅಂತ ಒಂದು ಹಾಡು ಅಳಿಸಿದರೆ, ಸಿಂಕ್ ಇದ್ದ ಬೇರೆ ಕಡೆಯೂ ಅಳಿಸಿ ಹೋಗಬಹುದು. ಹಿಂದೆ ಐಪಾಡ್ ಇದ್ದವರಿಗೆ ಇನ್ನೊಂದು ಪಾಡು. ಅದು ಒಂದು ಹೊತ್ತಿಗೆ ಒಂದೇ ಕಂಪ್ಯೂಟರಿನ ಹಾಡಿನ ಭಂಡಾರಕ್ಕೆ ಹೊಂದಿಕೊಳ್ಳುತ್ತಿತ್ತು. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ, ಇರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಲೇ ಎಂದು ಕೇಳುತ್ತಿತ್ತು. ಗಮನಿಸದೆ ಹೌದು ಎಂದರೆ ಹಳೆಯದೆಲ್ಲ ಹೋಯಿತು.

ಕಾಪಿಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಾವಿನ ಮಿಡಿ ಹಾಕುವಾಗ ದಿನದ ಬಳಕೆಗೆ ಒಂದು ಚಿಕ್ಕ ಜಾಡಿ, ಅಟ್ಟದ ಮೇಲೆ ಬಟ್ಟೆ ಕಟ್ಟಿದ ದೊಡ್ಡ ಜಾಡಿ. ಒದ್ದೆ ಚಮಚ ತಗುಲಿ ಚಿಕ್ಕದು ಬೂಸ್ಟು ಹಿಡಿದರೂ ದೊಡ್ಡದು ಕೆಡುವುದಿಲ್ಲ. ಯಾಕೆಂದರೆ ಎರಡಕ್ಕೂ ಸಂಪರ್ಕವೇ ಇಲ್ಲ. ಹಾಡಿಗೂ ಅಷ್ಟೆ. ಫೋನಿನಲ್ಲಿರುವುದು ಚಿಕ್ಕ ಜಾಡಿ. ಪೆನ್‌ಡ್ರೈವಿನಲ್ಲಿ ತುಂಬಿ, ಕಿತ್ತು, ಬೀರುವಿನಲ್ಲಿಟ್ಟದ್ದು ದೊಡ್ಡ ಜಾಡಿ. ಸಾಧಾರಣ ಗುಣಮಟ್ಟದ ಐದು ನಿಮಿಷದ ಎಂಪಿ3 ಹಾಡು ಸುಮಾರು 5 ಎಂ.ಬಿ. ಆಗುತ್ತದೆ. ಆ ಲೆಕ್ಕದಲ್ಲಿ 32 ಜಿ.ಬಿ.ಯ ಒಂದು ಪೆನ್‌ಡ್ರೈವಿನಲ್ಲಿ ಆರು ಸಾವಿರ ಹಾಡು ಹಿಡಿಸುತ್ತದೆ. ಜೀವಮಾನಕ್ಕೆ ಸಾಕು.

ಮಗಳಿಗೆ ಕೊಡಬಹುದೇ?

ಕೊಂಡ ಡಿಜಿಟಲ್ ಹಾಡನ್ನು ಕ್ಯಾಸೆಟ್ಟಿನ ಹಾಗೆ ಬೇರೆಯವರಿಗೆ ಮಾರಬಹುದೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಕೋರ್ಟಿನವರೆಗೆ ಹೋಯಿತು. ರೀಡಿಜಿ ಎಂಬ ಕಂಪನಿ ಐಟ್ಯೂನ್ಸ್‌ನಲ್ಲಿ ಕೊಂಡ ಹಾಡುಗಳಿಗೆ ಸೆಕೆಂಡ್ ಹ್ಯಾಂಡ್ ಅಂಗಡಿ ತೆರೆದಿತ್ತು. ಫೈಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದೆಂದರೆ ಹೊಸ ನಕಲು ಹುಟ್ಟಿದ ಹಾಗೆ, ಆದ್ದರಿಂದ ಇದು ಸಲ್ಲದು ಎಂದು 2018ರಲ್ಲಿ ಮೇಲಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಅದೇ ದೇಶದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಹೊಸ ಕಾನೂನು ಬಂದಿದೆ. ಹಾಡು, ಸಿನಿಮಾ, ಪುಸ್ತಕ ಇವುಗಳ ಡಿಜಿಟಲ್ ಪ್ರತಿಯನ್ನು ಯಾವಾಗ ಬೇಕಾದರೂ ವಾಪಸು ಪಡೆಯುವಂಥ ಪರವಾನಗಿಯ ಮೇಲೆ ಕೊಡುತ್ತಾ 'ಕೊಳ್ಳಿ' ಅಂತ ಸುಮ್ಮನೆ ಬರೆಯುವಂತಿಲ್ಲ. ನೀವು ಪಡೆಯುತ್ತಿರುವುದು ಪರವಾನಗಿ ಮಾತ್ರ ಎಂದು ಕಣ್ಣಿಗೆ ಕಾಣುವಂತೆ ಹೇಳಬೇಕು. ಇಳಿಸಿಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಪ್ರತಿಗೆ ಈ ಕಟ್ಟಳೆ ಇಲ್ಲ. ನಾನು ಮೊದಲು ಹೇಳಿದ ಮೂರು ಜಾತಿಯನ್ನು ಅಲ್ಲಿನ ಕಾನೂನೂ ಈಗ ಒಪ್ಪಿಕೊಂಡಂತಾಯಿತು.

ನಮ್ಮ ದೇಶದ ಕಾನೂನನ್ನೂ ಸ್ವಲ್ಪ ತಿಳಿದಿರೋಣ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿ ಬಂತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಈ ಡಿಜಿಟಲ್ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಸ್ವಂತದ, ಖಾಸಗಿ ಬಳಕೆಗೆ ನ್ಯಾಯವಾದ ರೀತಿಯಲ್ಲಿ ಉಪಯೋಗಿಸಲು ಅದೇ ಕಾಯಿದೆಯಲ್ಲಿ ಅವಕಾಶವೂ ಇದೆ. ಆದರೆ ಮೊಬೈಲ್ ಅಂಗಡಿಯಲ್ಲಿ ಐವತ್ತೋ ನೂರೋ ರೂಪಾಯಿಗೆ ಮೆಮರಿ ಕಾರ್ಡಿನ ತುಂಬ ಹಾಡು ತುಂಬಿಸಿ ಕೊಡುತ್ತಾರಲ್ಲ, ಅದು ಈ ಅವಕಾಶಕ್ಕೆ ಸೇರುವುದಿಲ್ಲ. ಆ ದುಡ್ಡಿನಲ್ಲಿ ಹಾಡಿದವರಿಗಾಗಲಿ ಬರೆದವರಿಗಾಗಲಿ ಒಂದು ಕಾಸೂ ಹೋಗದು. ಹಾಡಿನವರ ಮನೆಯಲ್ಲೂ ಒಲೆ ಉರಿಯಬೇಕಲ್ಲವೇ?

ಮನೆಯಲ್ಲಿ ಮಾಡಬೇಕಾದ್ದು

ಇಷ್ಟೆಲ್ಲ ಹೇಳಿದ ಮೇಲೆ ಮಾಡಬೇಕಾದ್ದೇನು ಅಂತ ಚಿಕ್ಕದಾಗಿ ಬರೆಯುತ್ತೇನೆ. ಬಿಡುವಿನ ಒಂದು ಮಧ್ಯಾಹ್ನ ಸಾಕು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

1. ಮೊದಲು ಪರೀಕ್ಷೆ. ಫೋನಿನ ನೆಟ್ ಆರಿಸಿ. ಹಾಡಿನ ಆ್ಯಪ್ ಬಿಟ್ಟು, ಫೈಲುಗಳನ್ನು ತೋರಿಸುವ ಜಾಗಕ್ಕೆ ಹೋಗಿ ನೋಡಿ. ಹಾಡು ಅಲ್ಲಿ ಹೆಸರಿನೊಂದಿಗೆ ಕಂಡು, ಒತ್ತಿದಾಗ ಹಾಡಿದರೆ ಅದು ನಿಮ್ಮ ಕೈಯಲ್ಲಿದೆ. ಆ್ಯಪ್‌ನೊಳಗೆ ಮಾತ್ರ ಕಂಡರೆ ಅದು ಬಾಡಿಗೆಯದ್ದು ಎಂದುಕೊಳ್ಳಿ.

2. ನಿತ್ಯ ಬೇಕಾದ, ಮಕ್ಕಳಿಗೂ ಉಳಿಯಬೇಕು ಅನ್ನಿಸುವ ಹಾಡುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಇಪ್ಪತ್ತು ಮೂವತ್ತು ದಾಟುವುದಿಲ್ಲ. ಅವನ್ನು ಮಾತ್ರ ಕೊಂಡು ಇಟ್ಟುಕೊಳ್ಳಿ. ಐಟ್ಯೂನ್ಸ್ ಅಂಗಡಿಯಲ್ಲಿ ಈಗಲೂ ಬಿಡಿಯಾಗಿ ಹಾಡು ಸಿಗುತ್ತದೆ, ಅದಕ್ಕೆ ಕಂಪ್ಯೂಟರ್ ಅಥವಾ ಆಪಲ್ ಫೋನು ಬೇಕು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಎಷ್ಟೋ ಕಲಾವಿದರು ತಾವೇ ಮಾರುತ್ತಾರೆ. ಹಳೆಯ ಸಿ.ಡಿ.ಗಳು ಮನೆಯಲ್ಲಿದ್ದರೆ ತೂಕಕ್ಕೆ ಹಾಕಬೇಡಿ.

3. ಕೊಂಡ ದಿನವೇ ಇಳಿಸಿ, ಕೊಂಡ ದಿನವೇ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿ. ಪೆನ್‌ಡ್ರೈವೂ ಕೆಡುವ ವಸ್ತುವೇ. ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ಗುಡಿಸುವಾಗ, ಹಾಕಿ ನೋಡಿ. ಐದಾರು ವರ್ಷಕ್ಕೆ ಹೊಸದಕ್ಕೆ ತುಂಬಿಸಿ.

4. ಫೋನು ಬದಲಾಯಿಸುವ ಮೊದಲು, ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಡುವ ಮೊದಲು, ಹೊಸದರಲ್ಲಿ ಹಾಡು ಕೇಳಿ ಖಾತ್ರಿ ಮಾಡಿಕೊಳ್ಳಿ. ಖಾತೆಯ ಇಮೇಲು, ಪಾಸ್‌ವರ್ಡು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿರಲಿ.

5. ಯಾವುದಾದರೂ ಅಂಗಡಿಯವರು ಮುಚ್ಚುತ್ತೇವೆ ಎಂದು ಇಮೇಲು ಕಳಿಸಿದರೆ ಜಾಹೀರಾತು ಅಂತ ಅಳಿಸಬೇಡಿ. ಗಡುವು ಓದಿ.

ಕಂಪನಿಯಿಲ್ಲದ ಹಾಡುಗಳು

ಇನ್ನೊಂದು ಮಾತಿದೆ. ಇಷ್ಟು ಬರೆದದ್ದರಲ್ಲಿ ನನಗೆ ಮುಖ್ಯವಾದದ್ದು ಇದೇ. ಮೇಲೆ ಹೇಳಿದ ಹಾಡುಗಳೆಲ್ಲ ಹೋದರೂ ಇನ್ನೆಲ್ಲಾದರೂ ಸಿಗುತ್ತವೆ. ಮತ್ತೆ ಕೊಂಡರಾಯಿತು, ನಷ್ಟ ದುಡ್ಡಿನದು ಮಾತ್ರ. ಆದರೆ ಹಸೆಗೆ ಕರೆಯುವ ಹಾಡು, ಬೀಗರನ್ನು ಹಂಗಿಸುವ ಹಾಡು, ನಿಮ್ಮ ಅಜ್ಜಿ ತೊಟ್ಟಿಲು ತೂಗುತ್ತಾ ಹೇಳಿದ ಲಾಲಿ, ಇವುಗಳಿಗೆ ಕಂಪನಿಯೂ ಇಲ್ಲ, ಅಂಗಡಿಯೂ ಇಲ್ಲ. ಬೀಗ ಇಲ್ಲ, ಚಂದಾ ಇಲ್ಲ. ಅವು ಪೂರ್ತಿ ನಮ್ಮವು. ಆದ್ದರಿಂದಲೇ ಅವನ್ನು ಕಾಪಾಡುವವರೂ ನಾವಲ್ಲದೆ ಬೇರೆ ಯಾರೂ ಇಲ್ಲ.

ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ತನ್ನ ತಾಯಿ ಹೇಳಿದ ಲಾಲಿಯನ್ನು ವಾಟ್ಸ್ಯಾಪಿನ ಧ್ವನಿ ಸಂದೇಶವಾಗಿ ಇಟ್ಟುಕೊಂಡಿದ್ದಳು. ತಾಯಿ ತೀರಿಕೊಂಡು ಎರಡು ವರ್ಷ. ಬಾಣಂತನಕ್ಕೆ ಬಂದವಳು ಮಗುವಿಗೆ ಅದನ್ನೇ ಕೇಳಿಸುತ್ತಿದ್ದಳು. ಫೋನು ನೀರಿನ ಬಕೆಟ್ಟಿಗೆ ಬಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಲಕ್ಷ ಹಾಡಿನ ಆ್ಯಪ್ ಹೊಸ ಫೋನಿಗೆ ಐದೇ ನಿಮಿಷದಲ್ಲಿ ಬಂತು, ಆ ಒಂದು ಹಾಡು ಬರಲಿಲ್ಲ. "ರಾಗ ನೆನಪಿದೆ ಅಕ್ಕಾ, ಅಮ್ಮನ ದನಿ ಎಲ್ಲಿಂದ ತರಲಿ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಗೃಹಪ್ರವೇಶದ ಮರುವಾರವೇ ನಮ್ಮತ್ತೆಯವರನ್ನು ಕೂರಿಸಿ, ಫ್ಯಾನ್ ಆರಿಸಿ, ಕುಕ್ಕರ್ ಕೂಗದ ಹೊತ್ತು ನೋಡಿ, ಫೋನಿನ ಧ್ವನಿಮುದ್ರಣದಲ್ಲಿ ಹಾಡು ಹೇಳಿಸಿದೆ. "ಈ ಮುದುಕಿ ದನಿ ಯಾರಿಗೆ ಬೇಕೇ?" ಅಂತ ಮೊದಲು ಬಿಗುಮಾನ ಮಾಡಿದರು. ಆಮೇಲೆ ಒಂದೇ ಮಧ್ಯಾಹ್ನಕ್ಕೆ ಹನ್ನೊಂದು ಹಾಡು. ಪ್ರತಿ ಫೈಲಿಗೂ ಹಾಡಿನ ಹೆಸರು, ಅವರ ಹೆಸರು, ಯಾವ ಶಾಸ್ತ್ರಕ್ಕೆ ಹೇಳುವುದು, ತಾರೀಕು ಎಲ್ಲ ಬರೆದೆ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಓರಗಿತ್ತಿಯ ಮನೆಯಲ್ಲಿ. ಒಂದೇ ಮನೆಯಲ್ಲಿ ಎರಡೂ ಇದ್ದರೆ ಪ್ರಯೋಜನವಿಲ್ಲ ನೋಡಿ.

ನೀವೂ ಈ ಪುಟ ಮಡಿಚಿಟ್ಟ ಮೇಲೆ ಮೊದಲು ಈ ಕೆಲಸ ಮಾಡಿ. ಉಳಿದ ಹಾಡಿನ ಲೆಕ್ಕ ನಾಳೆಗಿರಲಿ. ನಿಮ್ಮ ಕಡೆ ಯಾವ ಶಾಸ್ತ್ರಕ್ಕೆ ಯಾವ ಹಾಡು ಹೇಳುತ್ತಾರೆ, ಯಾರ ದನಿಯನ್ನು ಹಿಡಿದಿಟ್ಟಿರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಮಾತಾಡೋಣ.